ಹೋಲ್ಡಾನ್ ಹೇಳುವವರಿಲ್ಲದ ಬಸ್ಸು

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು 14 ವರ್ಷದಿಂದ ಉಡುಪಿ–ಕುಂದಾಪುರ ಬಸ್ಸಿನಲ್ಲಿ ಕಂಡಕ್ಟರ್. ಜೂನ್ ಎರಡನೇ ವಾರ ಡ್ಯೂಟಿ ಮುಗಿಸಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಕಾರು ತಾಗಿ ಬಿದ್ದರು. ಹೆಲ್ಮೆಟ್ ಇತ್ತು, ಬೆಲ್ಟ್ ಹಾಕಿರಲಿಲ್ಲ. ಹಣೆಯ ಒಳಗೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. 23 ದಿನ ಆಸ್ಪತ್ರೆಯಲ್ಲಿದ್ದೆವು. ಈಗ ನಡೆಯುತ್ತಾರೆ, ಮಾತಾಡುತ್ತಾರೆ. ನೋಡಲು ಬಂದವರೆಲ್ಲ "ಹುಷಾರಾದ್ರಲ್ಲ, ದೇವರು ದೊಡ್ಡವನು" ಅಂತ ಹೇಳಿ ಚಾ ಕುಡಿದು ಹೋಗುತ್ತಾರೆ.

ಆದರೆ ಒಳಗಿನ ಕಥೆಯೇ ಬೇರೆ. ಬಿಸಿನೀರು ಆಗಿದೆ ಅಂದರೆ ಹೆಗಲಿಗೆ ಬೈರಾಸು ಹಾಕಿಕೊಂಡು ಜಗಲಿಯಲ್ಲಿ ಒಂದು ಗಂಟೆ ಸುಮ್ನೆ ಕೂತಿರುತ್ತಾರೆ. ಮಗಳ ಕೈಯಿಂದ ಲೋಟ ಬಿದ್ದರೆ ಬೊಬ್ಬೆ ಹೊಡೆಯುತ್ತಾರೆ. ಮೊನ್ನೆ ಬಂಗುಡೆ ಸಾರು "ಮಣ್ಣಿನ ಹಾಗಿದೆ" ಅಂತ ಬಟ್ಟಲು ದೂಡಿಬಿಟ್ಟರು. ಸಂತೆಕಟ್ಟೆ, ಬ್ರಹ್ಮಾವರ, ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ ಅಂತ ಸ್ಟಾಪುಗಳನ್ನು ಒಂದೂ ತಪ್ಪದೆ ಹೇಳುತ್ತಾರೆ. ಹಾಲು ತನ್ನಿ ಅಂತ ಅಂಗಡಿಗೆ ಕಳಿಸಿದರೆ ಬರಿಗೈಯಲ್ಲಿ ಬರುತ್ತಾರೆ. ಅತ್ತೆ ಒಮ್ಮೆ "ಇದೆಲ್ಲ ನಾಟಕ" ಅನ್ನುತ್ತಾರೆ, ಇನ್ನೊಮ್ಮೆ "ದೃಷ್ಟಿ ಆಗಿದೆ, ದೈವದ ದರ್ಶನದಲ್ಲಿ ಕೇಳಬೇಕು" ಅನ್ನುತ್ತಾರೆ. ದೀಪಾವಳಿ ಕಳೆದ ಮೇಲೆ ಡ್ಯೂಟಿಗೆ ಬರಲಿ ಅಂತ ಬಸ್ಸಿನ ಧಣಿಗಳು ಹೇಳಿದ್ದಾರೆ. ಬೈಕಿನ ಕೀ ಕೇಳುತ್ತಾರೆ, ನಾನು ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೇನೆ. ಬೀಡಿ ಕಟ್ಟಿ ಮನೆ ನಡೆಸುತ್ತಿದ್ದೇನೆ. ಇವರು ಬೇಕೆಂದೇ ಹೀಗೆ ಮಾಡುತ್ತಾರಾ? ಮೊದಲಿನ ಹಾಗೆ ಆಗುತ್ತಾರಾ?
— ಒಬ್ಬ ಓದುಗಿ, ಬ್ರಹ್ಮಾವರದ ಹತ್ತಿರ

ಉತ್ತರ: ಬೇಕೆಂದು ಮಾಡುತ್ತಿಲ್ಲ ತಂಗೀ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಈ ಒಂದು ಮಾತು ಹೇಳುವವರು ಸಿಗಲು ಏಳು ತಿಂಗಳು ಬೇಕಾಯಿತು.

ನಮ್ಮವರು 2009ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಒಡೆದ ಹಂಚು ಬದಲಿಸುತ್ತೇನೆ ಅಂತ ಮಾಡಿಗೆ ಹತ್ತಿ ಬಿದ್ದವರು. ಬ್ಯಾಂಕಿನಲ್ಲಿ ಕ್ಯಾಶಿಯರ್. ತಲೆಯ ಹೊಲಿಗೆ ಒಣಗಿದ ದಿನದಿಂದ ಊರಿಗೆಲ್ಲ ಅವರು ಹುಷಾರು. ಸೊಪ್ಪು ಬೇಯುವುದು ತಡವಾದರೆ ಪಾತ್ರೆ ಎಸೆಯುತ್ತಿದ್ದದ್ದು ನನಗೊಬ್ಬಳಿಗೆ ಗೊತ್ತು.

ನಿಮಗೆ ಬಸ್ಸಿನ ಲೆಕ್ಕದಲ್ಲೇ ಹೇಳುತ್ತೇನೆ. ಹಣೆಯ ಹಿಂದಿರುವ ಮೆದುಳು ಕಂಡಕ್ಟರ್ ಇದ್ದ ಹಾಗೆ. ಹೊರಡಲು "ರೈಟ್" ಹೇಳುವುದೂ ಅದೇ, ನಿಲ್ಲಿಸಲು "ಹೋಲ್ಡಾನ್" ಹೇಳುವುದೂ ಅದೇ. ಅದಕ್ಕೆ ಪೆಟ್ಟಾದರೆ ಎರಡೂ ಕೆಡುತ್ತವೆ. ಬೈರಾಸು ಹಾಕಿಕೊಂಡು ಕೂತೇ ಇರುತ್ತಾರಲ್ಲ, ಅಲ್ಲಿ ರೈಟ್ ಹೇಳುವವರಿಲ್ಲ. ಲೋಟ ಬಿದ್ದಾಗ ಸಿಟ್ಟು ನೆತ್ತಿಗೇರುತ್ತದಲ್ಲ, ಅಲ್ಲಿ ಹೋಲ್ಡಾನ್ ಹೇಳುವವರಿಲ್ಲ. ಹಾಗಾಗಿ ಸ್ವಲ್ಪ ದಿನ ಆ ಕೆಲಸ ನಿಮ್ಮದು. "ಸ್ನಾನ ಮಾಡಿ ಬನ್ನಿ, ಆಮೇಲೆ ತಿಂಡಿ, ಆಮೇಲೆ ಮಾತ್ರೆ" ಅಂತ ಒಟ್ಟಿಗೆ ಹೇಳಬೇಡಿ. "ಏಳಿ" ಅನ್ನಿ. ಎದ್ದ ಮೇಲೆ "ಬಚ್ಚಲಿಗೆ ಬನ್ನಿ" ಅನ್ನಿ. ಚೊಂಬು ಕೈಗೆ ಕೊಡಿ. ಚಿಕ್ಕ ಮಗುವಿಗೆ ಹೇಳುವ ಸ್ವರ ಮಾತ್ರ ಬೇಡ. ಅದು ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಸ್ಟಾಪಿನ ವಿಷಯವೂ ಹಾಗೆ. ಹದಿನಾಲ್ಕು ವರ್ಷ ಬಾಯಲ್ಲಿ ಬಂದದ್ದು ಗಟ್ಟಿಯಾಗಿ ಒಳಗೆ ಕೂತಿದೆ. ಹಾಲು ಅಂತ ನೀವು ಹೇಳಿದ್ದು ಇವತ್ತಿನ ಮಾತು, ಅದು ಅಂಟುವುದಿಲ್ಲ. ದಾರಿಯಲ್ಲಿ ಯಾರೋ "ಹೇಗಿದ್ದೀರಿ" ಅಂದರೆ ಸಾಕು, ಹಾಲು ಹೋಯಿತು. ಅತ್ತೆಯವರಿಗೆ ಇದನ್ನೇ ಹೇಳಿ ನೋಡಿ. ಚೀಟಿ ಬರೆದು ಷರ್ಟಿನ ಜೇಬಿಗೆ ಹಾಕಿ, ಅದೂ ಟಿಕೆಟ್ ಇಡುತ್ತಿದ್ದ ಜೇಬಿಗೇ. ಕೈ ಅಲ್ಲಿಗೆ ತಾನಾಗಿ ಹೋಗುತ್ತದೆ.

ಇನ್ನು ಬಂಗುಡೆ ಸಾರು. ನಿಮ್ಮ ಕಾಗದದಲ್ಲಿ ನನಗೆ ತುಂಬ ಹೆದರಿಕೆ ಆದದ್ದು ಇದನ್ನು ಓದಿ. ಕಣ್ಣು ಮುಚ್ಚಲು ಹೇಳಿ ಮೂಗಿನ ಹತ್ತಿರ ಕಾಫಿಪುಡಿ ಹಿಡಿಯಿರಿ. ಗೊತ್ತಾಗದಿದ್ದರೆ ವಾಸನೆ ಹೋಗಿದೆ ಅಂತ ಲೆಕ್ಕ. ವಾಸನೆಯ ನರದ ಎಳೆಗಳು ಮೂಗಿನ ಮೇಲಿನ ಮೂಳೆಯ ಸಣ್ಣ ತೂತುಗಳಿಂದ ಮೆದುಳಿಗೆ ಹೋಗುತ್ತವೆ. ತಲೆಗೆ ಜೋರು ಪೆಟ್ಟಾದಾಗ ಅವು ಹರಿಯುವುದುಂಟು. ಆಗ ನಾಲಗೆಗೆ ಉಪ್ಪು, ಹುಳಿ, ಖಾರ ಗೊತ್ತಾಗುತ್ತದೆ, ಆದರೆ ಸಾರು ಸಾರಿನ ಹಾಗಿರುವುದಿಲ್ಲ. ನಮ್ಮವರು ಎಂಟು ತಿಂಗಳು ನನ್ನ ಅಡುಗೆಯನ್ನು ಬೈದರು, ನಾನು ಎಂಟು ತಿಂಗಳು ಅತ್ತೆ. ನಮಗೆ ಗೊತ್ತಾದದ್ದು ಹಾಲು ಸೀದು ಮನೆ ತುಂಬ ಹೊಗೆಯಾದರೂ ಇವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ ದಿನ. ಸಿಲಿಂಡರಿನ ಗ್ಯಾಸಿಗೆ ವಾಸನೆ ಸೇರಿಸುವುದೇ ಲೀಕಾದರೆ ಗೊತ್ತಾಗಲಿ ಅಂತ. ಅವರಿಗೆ ಅದೂ ಗೊತ್ತಾಗುವುದಿಲ್ಲ. ಒಬ್ಬರೇ ಇದ್ದಾಗ ಒಲೆ ಹಚ್ಚಲು ಬಿಡಬೇಡಿ. ನೀವು ಹೊರಗೆ ಹೋಗುವಾಗ ರೆಗ್ಯುಲೇಟರ್ ಬಂದ್ ಮಾಡಿ.

ಮನೆಯಲ್ಲಿ ಸದ್ದು ಕಡಿಮೆ ಮಾಡಿ. ಮಿಕ್ಸಿ, ಟಿವಿ, ನೆಂಟರ ಮಾತು ಮೂರೂ ಒಟ್ಟಿಗೆ ಆದರೆ ಅವರ ತಲೆಗೆ ಅದು ಜಾತ್ರೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕತ್ತಲೆ ಕೋಣೆಯಲ್ಲಿ ಮಲಗಲಿ. ಮೆದುಳು ಬೇಗ ದಣಿಯುತ್ತದೆ, ಸಂಜೆಯ ಸಿಟ್ಟು ಅರ್ಧ ಆ ದಣಿವಿನದ್ದೇ. ಕೆಲಸ ಬೇಕು ಅಂದರೆ ಬೀಡಿ 25 ಎಣಿಸಿ ಕಟ್ಟು ಮಾಡಲು ಕೊಡಿ. ಚಿಲ್ಲರೆ ಎಣಿಸಿದ ಕೈ ಅಲ್ವಾ? ತಪ್ಪಿದರೆ ಆಮೇಲೆ ನೀವು ಸರಿ ಮಾಡಿಕೊಳ್ಳಿ, ಅವರ ಎದುರು ಬೇಡ.

ದರ್ಶನಕ್ಕೆ ಅತ್ತೆಯವರ ಜೊತೆ ನೀವು ಹೋಗಿ ಕೇಳಿ ಬನ್ನಿ. ನಾನೂ ಹೋಗಿದ್ದೆ. ಗಂಟೆ, ಡೋಲಿನ ಎದುರು ಇವರನ್ನು ಕೂರಿಸಬೇಡಿ, ಅಷ್ಟೆ. ಫಿಟ್ಸಿನ ಮಾತ್ರೆ ಇದ್ದರೆ ಡಾಕ್ಟರ್ ಹೇಳದೆ ಒಂದು ದಿನವೂ ತಪ್ಪಿಸಬಾರದು. ಕುಡಿಯುವ ಅಭ್ಯಾಸ ಇದ್ದರೆ ಈಗ ಒಂದು ತೊಟ್ಟೂ ಬೇಡ. ತಲೆನೋವು ದಿನದಿಂದ ದಿನಕ್ಕೆ ಏರಿದರೆ, ವಾಂತಿ ಆದರೆ, ಹಗಲೆಲ್ಲ ತೂಕಡಿಸಿದರೆ, ಒಂದು ಕೈ ಸೋತರೆ, ಫಿಟ್ಸ್ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇಷ್ಟು ತಿಂಗಳಾಯಿತಲ್ಲ ಅಂತ ಸುಮ್ಮನಿರಬೇಡಿ.

ಬೈಕಿನ ಕೀ ಅಕ್ಕಿ ಡಬ್ಬಿಯಲ್ಲೇ ಇರಲಿ. ಬೈಕ್ ಬೇಡ ಅನ್ನುವ ಮಾತು ಡಾಕ್ಟರ್ ಬಾಯಿಂದ ಬರುವ ಹಾಗೆ ಮಾಡಿ, ಆಗ ಜಗಳ ನಿಮ್ಮ ಜೊತೆ ಅಲ್ಲ. ಡ್ಯೂಟಿಯೂ ದೀಪಾವಳಿಗೆ ಬೇಡವೇ ಬೇಡ. ಓಡುವ ಬಸ್ಸು, ಫುಟ್‌ಬೋರ್ಡ್, ಹಾರ್ನು, ಚಿಲ್ಲರೆ, ಅದರ ಮೇಲೆ ಕಾಲೇಜು ಮಕ್ಕಳು. ಧಣಿಗಳು ಒಳ್ಳೆಯವರಾದರೆ ಮುಂದೆ ಸ್ಟ್ಯಾಂಡಿನಲ್ಲಿ ಅರ್ಧ ದಿನದ ಕೆಲಸ ಕೊಡುತ್ತಾರಾ ಕೇಳಿ. ಬಸ್ಸು ಬಸ್ಸಿನವರ ಟೈಮಿಂಗ್ ಜಗಳ ಇಲ್ಲದ ಸ್ಟ್ಯಾಂಡ್ ಆಗಬೇಕು. ನಮ್ಮ ಜಿಲ್ಲೆಯಲ್ಲಿ ಅಂಥದ್ದು ಎಲ್ಲಿದೆಯೋ!

ಡಾಕ್ಟರ್ ಎದುರು ಹತ್ತು ನಿಮಿಷ ಇವರು ಬಹಳ ಚೆನ್ನಾಗಿ ಮಾತಾಡುತ್ತಾರೆ ಅಲ್ವಾ? ನಮ್ಮವರೂ ಹಾಗೇ. ಮಗಳ ಹಳೆ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡು ಸಾಲು ಬರೆದಿಟ್ಟು ಅದನ್ನೇ ತೋರಿಸಿ. ಮಣಿಪಾಲ ನಿಮಗೆ ದೂರವಲ್ಲ. ಆಕ್ಯುಪೇಷನಲ್ ಥೆರಪಿಗೆ (ದಿನನಿತ್ಯದ ಕೆಲಸ ಮತ್ತೆ ಮಾಡಲು ಕಲಿಸುವ ಚಿಕಿತ್ಸೆ), ಮನಶ್ಶಾಸ್ತ್ರಜ್ಞರಿಗೆ ಚೀಟಿ ಬರೆದುಕೊಡಿ ಅಂತ ನೀವಾಗಿ ಕೇಳಿ. ಕೇಳದೆ ನನಗೆ ಯಾರೂ ಕೊಡಲಿಲ್ಲ.

ಇದು ನೀವು ಕೇಳದ ವಿಷಯ, ಆದರೂ ಹೇಳುತ್ತೇನೆ. ಕಾರು ತಾಗಿದ್ದು ಅಂದರೆ ಪರಿಹಾರದ ಅರ್ಜಿ ಹಾಕಿದ್ದೀರಾ? ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ನಿಯಮ ಇದೆ. ನಿಮಗೆ ಡಿಸೆಂಬರ್ ಎರಡನೇ ವಾರಕ್ಕೆ ಆರು ತಿಂಗಳು. ವಕೀಲರ ಖರ್ಚಿನ ಚಿಂತೆ ಇದ್ದರೆ ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ. ಡಿಸ್ಚಾರ್ಜ್ ಚೀಟಿ, ಬಿಲ್ಲು ಒಂದೂ ಬಿಸಾಡಬೇಡಿ. ಆ ನೋಟ್‌ಬುಕ್ಕೂ ಇರಲಿ. ಮುರಿದ ಕಾಲಿಗೆ ಎಕ್ಸ್‌ರೇ ಇರುತ್ತದೆ, ಬದಲಾದ ಸ್ವಭಾವಕ್ಕೆ ನೀವು ಬರೆದದ್ದೇ ದಾಖಲೆ.

ಮೊದಲಿನ ಹಾಗೆ ಆಗುತ್ತಾರಾ ಅಂತ ಕೇಳಿದ್ದೀರಿ. ಮೊದಲ ಆರು ತಿಂಗಳು ಬೇಗ ಬೇಗ ಸುಧಾರಿಸುತ್ತದೆ, ಆಮೇಲೆ ನಿಧಾನ. ಆದರೆ ನಿಲ್ಲುವುದಿಲ್ಲ, ಎರಡು ವರ್ಷದವರೆಗೆ, ಕೆಲವರಿಗೆ ಅದರ ಮೇಲೂ. ನಮ್ಮವರು 14 ತಿಂಗಳಿಗೆ ಬ್ಯಾಂಕಿಗೆ ಹೋದರು, ಕ್ಯಾಶ್ ಕೌಂಟರಿಗೆ ಮಾತ್ರ ಮತ್ತೆ ಕೂರಲಿಲ್ಲ. ಪಾತ್ರೆ ಎಸೆಯುವುದು ನಿಂತಿತು. ವಾಸನೆ ಬರಲೇ ಇಲ್ಲ. ಸಿಟ್ಟಿನಲ್ಲಿ ಕೈ ಎತ್ತಿದರೆ ಮಾತ್ರ ವಾದ ಮಾಡುತ್ತ ನಿಲ್ಲಬೇಡಿ. ಮಗಳನ್ನು ಕರೆದುಕೊಂಡು ಪಕ್ಕದ ಮನೆಗೆ ನಡೆಯಿರಿ, ಮರುದಿನವೇ ಡಾಕ್ಟರಿಗೆ ಹೇಳಿ. ಪೆಟ್ಟು ಅವರ ತಲೆಗೆ ಬಿದ್ದದ್ದು ನಿಜ, ಹಾಗಂತ ನೀವು ಪೆಟ್ಟು ತಿನ್ನಬೇಕಾಗಿಲ್ಲ. ಮಗಳಿಗೂ ಹೇಳಿ, ಅಪ್ಪಯ್ಯನಿಗೆ ನಿನ್ನ ಮೇಲೆ ಸಿಟ್ಟಲ್ಲ, ಸದ್ದು ತಡೆಯುವುದಿಲ್ಲ ಅಂತ.

ಕಾಗದದ ಕೊನೆಗೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಪೆನ್ನು ಒತ್ತಿ ಬರೆದಿದ್ದೀರಿ, ಹಿಂದಿನಿಂದ ಓದಲು ಬರುತ್ತದೆ. "ಇವರು ನನ್ನ ಗಂಡ ಅಂತ ಅನ್ನಿಸುವುದೇ ಇಲ್ಲ." ಅದನ್ನು ಹೊಡೆದು ಹಾಕುವ ಅಗತ್ಯ ಇರಲಿಲ್ಲ. ನನಗೂ ಎರಡು ವರ್ಷ ಹಾಗೇ ಅನ್ನಿಸಿತು. ಮನುಷ್ಯ ಎದುರಿಗೇ ಇರುವಾಗ ಅಳುವುದು ಹೇಗೆ ಅಂತ ಯಾರ ಹತ್ತಿರವೂ ಹೇಳಲಿಲ್ಲ. ನೀವು ಹೇಳಿ. ರಾತ್ರಿ ಮಗಳು ಮಲಗಿದ ಮೇಲೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನನಗೂ ಇನ್ನೊಂದು ಕಾಗದ ಬರೆಯಿರಿ.

ಪ್ರಶ್ನೆ: ನಮ್ಮ ಪಕ್ಕದ ಮನೆಯವರಿಗೆ ತಲೆಗೆ ಪೆಟ್ಟಾಗಿ ಈಗ ಮನೆಗೆ ಬಂದಿದ್ದಾರೆ. ನೋಡಲು ಹೋಗುವಾಗ ಏನು ತೆಗೆದುಕೊಂಡು ಹೋಗಲಿ?
— ಓದುಗರು, ಕದ್ರಿ, ಮಂಗಳೂರು

ಉತ್ತರ: ನಾಲ್ಕು ಬೊಂಡ ಸಾಕು, ಎಳನೀರಿನದ್ದು. ಒಬ್ಬರೇ ಹೋಗಿ, ಹತ್ತು ನಿಮಿಷ ಇರಿ. "ನನ್ನ ಗುರುತು ಸಿಕ್ಕಿತಾ, ಹೆಸರು ಹೇಳಿ ನೋಡುವ" ಅಂತ ಪರೀಕ್ಷೆ ಮಾಡಬೇಡಿ, ನಿಮ್ಮ ಹೆಸರು ನೀವೇ ಹೇಳಿ. ಹೊರಡುವಾಗ ಅವರ ಹೆಂಡತಿಯನ್ನು ಅಂಗಳಕ್ಕೆ ಕರೆದು, "ಗುರುವಾರ ಮೂರು ಗಂಟೆಗೆ ಬರುತ್ತೇನೆ, ಐದರವರೆಗೆ ಇಲ್ಲೇ ಕೂತಿರುತ್ತೇನೆ, ನೀವು ಬ್ಯಾಂಕಿಗೋ ಅಮ್ಮನ ಮನೆಗೋ ಹೋಗಿ ಬನ್ನಿ" ಅನ್ನಿ. ಏನಾದರೂ ಬೇಕಿದ್ದರೆ ಹೇಳಿ ಅಂತ ಮಾತ್ರ ಹೇಳಿದರೆ ಅವರು ಹೇಳುವುದಿಲ್ಲ. ಮತ್ತೆ ಗುರುವಾರ ಮರೆಯಬೇಡಿ.