ಪಕ್ಕದ ಸೈಟು ಹಿಡಿಯಬೇಡಿ

ಬೆಂಗಳೂರಿನ ಓದುಗರೊಬ್ಬರ ಪತ್ರ: "ಜಯನಗರದ ನಮ್ಮ ಕಚೇರಿ ಮೂರು ತಿಂಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತಿದೆ. 180 ಜನರಿದ್ದೇವೆ. ಹೊಸ ಕಟ್ಟಡದಲ್ಲಿ 60 ಕಾರಿಗೆ ಜಾಗವಿದೆ. ಇನ್ನೂ 40 ಕಾರಿಗೆ ಪಕ್ಕದ ಸೈಟು ಬಾಡಿಗೆಗೆ ಹಿಡಿಯುವ ಯೋಚನೆ ಆಡಳಿತದವರದು. ಬಸ್ಸು, ಮೆಟ್ರೊ ಎಂದರೆ ನಗುತ್ತಾರೆ. ಏನು ಮಾಡಲಿ?"

ಸಂಪಾದಕರ ಉತ್ತರ: ನಗುವವರ ಮಾತಿನಲ್ಲೂ ಹುರುಳಿದೆ. ರಾತ್ರಿ ಪಾಳಿಯವರು, ನಡೆಯಲು ಕಷ್ಟವಿರುವವರು, ಮಗುವನ್ನು ಶಾಲೆಗೆ ಬಿಟ್ಟು ಬರುವವರು ವಾಹನವಿಲ್ಲದೆ ಬರಲಾರರು. ಇರುವ 60 ಜಾಗ ಮೊದಲು ಅವರಿಗೆ ಸಿಗಲಿ.

ಆದರೆ ಆ ಸೈಟು ಬೇಡವೇ ಬೇಡ. ತಿರುಗುವ ದಾರಿಯೂ ಸೇರಿ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಬೇಕು; 40 ಕಾರಿಗೆ ಸಾವಿರದಿಂದ 1200. ಆ ಬಾಡಿಗೆಯೆಲ್ಲ ಕಾರಿದ್ದವರಿಗೆ ಕೊಟ್ಟ ಸಂಬಳವೇ. ಬಸ್ಸಿನಲ್ಲಿ ಬರುವ ಗುಮಾಸ್ತರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಬಾಡಿಗೆ ಜಾಗದಲ್ಲಿ ಪಾರ್ಕಿಂಗ್ ಒದಗಿಸುವ ದೊಡ್ಡ ಕಂಪನಿಗಳು, ಅದು ಬೇಡವೆಂದವರಿಗೆ ಅಷ್ಟೇ ಹಣ ಕೊಡಬೇಕೆಂದು ಕ್ಯಾಲಿಫೋರ್ನಿಯಾ 1992ರಲ್ಲೇ ಕಾನೂನು ಮಾಡಿತು. ನಿಮ್ಮವರೂ ಸೈಟಿನ ಬಾಡಿಗೆಯನ್ನು ಬಸ್ಸು, ಮೆಟ್ರೊ ಪಾಸಿಗೆ ತಿರುಗಿಸಲಿ.

ಮೂರು ತಿಂಗಳು ಮೊದಲೇ ಬರೆದಿರಿ, ಅದೇ ಜಾಣತನ. ಕಚೇರಿ ಜಾಗ ಬಿಟ್ಟಾಗ ಓಡಾಟದ ರೂಢಿಯೂ ಮುರಿಯುತ್ತದೆ. ಹೊಸ ರೂಢಿ ಕೂರುವುದು ಮೊದಲ ಕೆಲವು ವಾರಗಳಲ್ಲಿ. ಮೊದಲ ದಿನವೇ ಪಾಸು ಕೈಯಲ್ಲಿರಲಿ. ಎರಡು ತಿಂಗಳು ತಡೆದು ಕೊಟ್ಟರೆ ಅಷ್ಟರಲ್ಲಿ ಕಾರಿನ ಸಾಲದ ಕಂತು ಶುರುವಾಗಿರುತ್ತದೆ.

ಈ ವಾರವೇ ಎಲ್ಲರ ಪಿನ್‌ಕೋಡ್, ಪಾಳಿಯ ಹೊತ್ತು ಬರೆಸಿಕೊಳ್ಳಿ. ಮನೆಯ ಪೂರ್ತಿ ವಿಳಾಸ ಕೇಳಿದರೆ ಹಿಂಜರಿಯುತ್ತಾರೆ. ಜಯನಗರದ ಆಸುಪಾಸಿನವರಿಗೆ 2025ರ ಆಗಸ್ಟಿನಿಂದ ಮೆಟ್ರೊದ ಹಳದಿ ಮಾರ್ಗವಿದೆ: ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ. ಹಸಿರು ಮಾರ್ಗದವರೂ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಬಹುದು. ಮೆಟ್ರೊ ದೂರವಿದ್ದ ಕಡೆ ಒಂದೇ ದಿಕ್ಕಿನ ಹತ್ತು ಹನ್ನೆರಡು ಜನ ಸಿಕ್ಕರೆ ಟೆಂಪೊ ಟ್ರಾವೆಲರ್ ಗೊತ್ತು ಮಾಡಿ. ಮಗುವಿಗೆ ಜ್ವರ ಬಂದರೆ, ಕೆಲಸ ತಡವಾದರೆ ಕಂಪನಿ ಖರ್ಚಿನಲ್ಲಿ ಕ್ಯಾಬ್ ಎಂದು ಬರಹದಲ್ಲಿ ಕೊಡಿ. ಆ ಧೈರ್ಯವಿಲ್ಲದೆ ಯಾರೂ ಗಾಡಿ ಮನೆಯಲ್ಲಿಟ್ಟು ಬರುವುದಿಲ್ಲ. ಸೈಕಲ್ಲಿಗೆ ಮುಂಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡ್ ತರಿಸಬೇಡಿ, ರಿಮ್ ಬಗ್ಗುತ್ತದೆ. ಚೌಕಟ್ಟನ್ನೂ ಚಕ್ರವನ್ನೂ ಸೇರಿಸಿ ಬೀಗ ಹಾಕುವಂಥ ಕಮಾನಿನ ಪೈಪು ನೆಡಿಸಿ.

ಇಷ್ಟಾಗಿಯೂ ಎಡವುವುದು ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಆಡಳಿತದವರನ್ನು ಕರೆದುಕೊಂಡು ಸಂಜೆ ಏಳಕ್ಕೆ, ಮಳೆ ಬಂದ ದಿನವೇ, ಗೇಟಿನಿಂದ ನಿಲ್ದಾಣದವರೆಗೆ ನಡೆಯಿರಿ. ಅಲುಗಾಡುವ ಚಪ್ಪಡಿ, ಕಾಲುದಾರಿಗೆ ಅಡ್ಡ ನಿಂತ ಟ್ರಾನ್ಸ್‌ಫಾರ್ಮರ್, ಬೀಗ ಜಡಿದ ಹಿಂಬದಿ ಗೇಟು, ಎಲ್ಲ ಬರೆದುಕೊಳ್ಳಿ. ಈ ಊರು ಸಾವಿರಾರು ಕೋಟಿ ಸುರಿದು ಮೆಟ್ರೊ ಕಟ್ಟಿತು. ಎಷ್ಟೋ ಕಡೆ ನಿಲ್ದಾಣದ ಮೆಟ್ಟಿಲು ಇಳಿದರೆ ನಡೆಯಲು ಜಾಗವಿಲ್ಲ. ಕಚೇರಿ ಹುಡುಕುವವರೂ ಚದರ ಅಡಿಗೆ ಎಷ್ಟೆಂದು ಕೇಳುತ್ತಾರೆಯೇ ಹೊರತು, ನಿಲ್ದಾಣದಿಂದ ಎಷ್ಟು ಹೆಜ್ಜೆ ಎಂದು ಕೇಳುವುದಿಲ್ಲ. ಕರಾರಿಗೆ ಇನ್ನೂ ಸಹಿ ಬಿದ್ದಿಲ್ಲವಾದರೆ ಹಿಂಬದಿ ಗೇಟು ತೆರೆಯುವುದನ್ನೂ ಅಲ್ಲಿಗೊಂದು ದೀಪವನ್ನೂ ಅದರಲ್ಲೇ ಬರೆಸಿ. ಸಹಿಯಾದ ಮೇಲೆ ಮಾಲೀಕರು ಅದಕ್ಕೆ ಕೈಯಿಂದ ಖರ್ಚು ಮಾಡುವುದಿಲ್ಲ.