ಆರ್‌ವಿ ಗ್ಯಾಸಿಗೆ ಗ್ರಿಲ್: ಉರಿ ಏಕೆ ಸಣ್ಣ?

ಪ್ರಶ್ನೆ: ನಮ್ಮ ಟ್ರಾವೆಲ್ ಟ್ರೇಲರಿನ (ವಾಹನಕ್ಕೆ ಕಟ್ಟಿ ಎಳೆಯುವ, ಮನೆಯಂಥ ಆರ್‌ವಿ) ಪಕ್ಕದಲ್ಲಿರುವ ಕ್ವಿಕ್ ಕನೆಕ್ಟಿಗೆ, ಎಂದರೆ ಗ್ಯಾಸಿನ ಹೋಸ್ ಸಿಕ್ಕಿಸುವ ಬಾಯಿಗೆ, ಪೋರ್ಟಬಲ್ ಗ್ರಿಲ್ ಜೋಡಿಸಿದೆವು. 1 ಪೌಂಡಿನ ಸಣ್ಣ ಸಿಲಿಂಡರಿನಲ್ಲಿ ಭರ್ಜರಿಯಾಗಿ ಉರಿಯುವುದು ಇಲ್ಲಿ ಮಿಣಮಿಣ ಎನ್ನುತ್ತದೆ. ದೋಸೆ ಕಾವಲಿ ಕಾಯುವುದೇ ಇಲ್ಲ.
– ಓದುಗರು, ಟೆಕ್ಸಾಸ್

ಉತ್ತರ: ಗ್ರಿಲ್ ಕೆಟ್ಟಿಲ್ಲ, ಗ್ಯಾಸಿನ ಒತ್ತಡ ಎರಡು ಸಲ ಇಳಿಯುತ್ತಿದೆ. ಟ್ರೇಲರಿನ ಸಿಲಿಂಡರಿನ ಬಳಿಯ ರೆಗ್ಯುಲೇಟರ್ ಅದನ್ನು 11 ಇಂಚು ಎತ್ತರದ ನೀರಿನ ಒತ್ತಡದ ಮಟ್ಟಕ್ಕೆ, ಎಂದರೆ ಸುಮಾರು 0.4 ಪಿಎಸ್‌ಐಗೆ ಇಳಿಸಿರುತ್ತದೆ. ಪಕ್ಕದ ಕನೆಕ್ಟಿಗೆ ಬರುವುದು ಇದೇ. ಗ್ರಿಲ್ಲಿನ ಸ್ವಂತ ರೆಗ್ಯುಲೇಟರ್ ಮತ್ತೆ ತಡೆಯುತ್ತದೆ.

ಅದನ್ನು ಕಿತ್ತುಹಾಕಿ ಎಂದು ಹಲವರು ಹೇಳುತ್ತಾರೆ. ಹೆಚ್ಚಿನ ಒತ್ತಡಕ್ಕೆ ಕೊರೆದ ಜೆಟ್ಟಿನ (ಗ್ಯಾಸ್ ಹೊರಬರುವ ಮೂತಿ) ತೂತು ಸಣ್ಣದು, ಹಾಗಾಗಿ ಕಿತ್ತರೂ ಉರಿ ಏರದು. ತಯಾರಕರೇ ಲೋ ಪ್ರೆಶರ್ ಕಿಟ್ ಕೊಡುವುದಾದರೆ ಮಾತ್ರ ಆ ದಾರಿ.

ನಮ್ಮ ಆಯ್ಕೆ ಹಿತ್ತಾಳೆಯ ಟೀ, ಎಂದರೆ ಇಂಗ್ಲಿಷಿನ T ಆಕಾರದ ಕವಲು ಜೋಡಣೆ. ಸಿಲಿಂಡರ್ ವಾಲ್ವ್ ಮುಚ್ಚಿ, ಟ್ರೇಲರಿನ ಪೈಪಿಗೂ ವಾಲ್ವಿಗೂ ನಡುವೆ ಅದನ್ನು ಕೂರಿಸಿ. ಸಣ್ಣ ಸಿಲಿಂಡರಿನದೇ ಥ್ರೆಡ್ಡಿರುವ ಬಾಯಿಯುಳ್ಳದ್ದನ್ನು ಕೊಳ್ಳಿ. ಹೈ ಪ್ರೆಶರ್ ಹೋಸ್ ಅಲ್ಲಿಂದ ಗ್ರಿಲ್ಲಿಗೆ. ಗ್ರಿಲ್ಲಿನ ರೆಗ್ಯುಲೇಟರ್ ಇದ್ದ ಹಾಗೇ ಇರಲಿ.

ವಾಲ್ವನ್ನು ನಿಧಾನ ತೆರೆಯಿರಿ. ಗಡಬಡಿಸಿ ತಿರುಗಿಸಿದರೆ ಸುರಕ್ಷಾ ತಡೆ ಗ್ಯಾಸನ್ನು ಹಿಡಿದುಬಿಡುತ್ತದೆ, ಆಗಲೂ ಉರಿ ಕುಗ್ಗುತ್ತದೆ. ಹಾಗಾದರೆ ಎಲ್ಲ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ತೆರೆಯಿರಿ. ಎಲ್ಲ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಬೆಂಕಿ ಹಚ್ಚಬೇಡಿ. ಬಳಸದಿದ್ದಾಗ ಟೀಯ ಬಾಯಿಗೆ ಮುಚ್ಚಳ ಇರಲಿ.