ಬೀಗ ಬಿದ್ದ ಮನೆಗೆ ಏನು ಬಳಿಯೋಣ ಅನ್ನುವವರಿಗೆ: ಮೊದಲು ತಾರಸಿ ಹತ್ತಿ ನೋಡಿ

(ಹಳೇ ಕಟ್ಟಡಗಳ ದುರಸ್ತಿ ಮಾಡಿಸುವ ಮೈಸೂರಿನ ಸಿವಿಲ್ ಎಂಜಿನಿಯರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ)

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ತಾತನ ಮನೆ ಖಾಲಿ ಬಿದ್ದಿದೆ, ಗೋಡೆ ತೇವ, ಏನು ಬಳಿಯಬೇಕು? ಏನು ಕಟ್ಟಬೇಕು, ಏನು ಕೆಡವಬೇಕು ಎಂದು ಕೇಳುವವರಿದ್ದಾರೆ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಕೇಳುವವರು ಮಾತ್ರ ಇಲ್ಲ. ಆದ್ದರಿಂದ ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ. ಉಳಿದವರು ಬೇಸರಿಸಬಾರದು.

ಪ್ರಶ್ನೆ: ಅಗ್ರಹಾರದಲ್ಲಿ ನಮ್ಮ ತಾತ ಕಟ್ಟಿಸಿದ ಮನೆಗೆ ಬಹಳ ವರ್ಷದಿಂದ ಬೀಗ. ಮುಂಭಾಗ ಮದ್ರಾಸ್ ತಾರಸಿ, ಹಿಂದೆ ತೊಟ್ಟಿ, ಹೆಂಚು. ಐದು ಜನ ಪಾಲುದಾರರು, ಪಾಲು ಇನ್ನೂ ಆಗಿಲ್ಲ. ಗಾರೆ ಉದುರುತ್ತಿದೆ. ಮೇಸ್ತ್ರಿ ಸಿಮೆಂಟ್ ಪ್ಲಾಸ್ಟರ್ ಮಾಡಿ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಹೋಮ್‌ಸ್ಟೇ ಮಾಡಬಹುದು ಅಂತಾರೆ. ಮಾಡಿಸಲೇ?

ಉತ್ತರ: ಬೇಡ. ಆ ಮೇಸ್ತ್ರಿಗೆ ಹೊಸ ಮನೆ ಕಟ್ಟಲು ಬರುತ್ತಿರಬಹುದು, ನಿಮ್ಮ ಮನೆಯ ಗೋಡೆ ಎಂಥದು ಅಂತ ಗೊತ್ತಿಲ್ಲ. ಅದು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ. ತೇವ ಹೀರುತ್ತದೆ, ಬಿಸಿಲು ಗಾಳಿ ಬಂದಾಗ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ನೀರು ಹೊರಗೆ ಬರಲು ದಾರಿ ಇಲ್ಲದೆ ಗೋಡೆಯೊಳಗೇ ಮೇಲೇರುತ್ತದೆ. ಜೊತೆಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಮೂರ್ನಾಲ್ಕು ಮಳೆಗಾಲ ಗೋಡೆ ನುಣ್ಣಗೆ ಕಾಣುತ್ತದೆ, ಆಮೇಲೆ ಪ್ಲಾಸ್ಟರ್ ಹಲಗೆಯಂತೆ ಕಳಚಿ ಬೀಳುವಾಗ ಇಟ್ಟಿಗೆಯ ಮೈಯನ್ನೂ ಕಿತ್ತುಕೊಂಡೇ ಬರುತ್ತದೆ. ಪೇಂಟ್ ಕಂಪನಿಯ ಗ್ಯಾರಂಟಿ ಕಾರ್ಡು ಆಗ ಎಲ್ಲಿರುತ್ತದೋ ಹುಡುಕಿ.

ಹಳೇ ಕಟ್ಟಡ ವಯಸ್ಸಾಗಿ ಬೀಳುತ್ತದೆ ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲು ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡದ ಭಾಗ ಕುಸಿದದ್ದು 2022ರ ಅಕ್ಟೋಬರ್‌ನಲ್ಲಿ. ತಿಂಗಳುಗಳನ್ನು ಗಮನಿಸಿ. ಕೆಡವಬೇಕೋ ಉಳಿಸಬೇಕೋ ಎಂದು ಸಮಿತಿಗಳು ವರ್ಷಗಟ್ಟಲೆ ವಾದ ಮಾಡುತ್ತವೆ. ಆ ವಾದ ನಡೆಯುವಷ್ಟೂ ದಿನ ನೀರು ಇಳಿಯುತ್ತಲೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಗೋಡೆಯದ್ದಲ್ಲ, ತಾರಸಿಯದ್ದು. ಹತ್ತಿ ನೋಡಿ. ಮಳೆನೀರಿನ ಕೊಳವೆಯ ಬಾಯಿಗೆ ಎಲೆ, ಪಾರಿವಾಳದ ಗೂಡು ಕಟ್ಟಿಕೊಂಡಿರುತ್ತದೆ. ನಿಮ್ಮ ತೇವದ ಅರ್ಧ ಅಲ್ಲಿಂದಲೇ ಬರುತ್ತಿರಬಹುದು. ಒಡೆದ ಹೆಂಚು ಬದಲಿಸಿ. ಈ ವರ್ಷ ದುಡ್ಡಿಲ್ಲವಾದರೆ ತಾರಸಿಯ ಮೇಲೆ ಒಂದು ತಗಡಿನ ಚಪ್ಪರವಾದರೂ ಆಗಲಿ, ಚೆಂದ ಆಮೇಲೆ. ಮೈಸೂರಿಗೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರು, ಅದಕ್ಕೆ ಮುಂಚೆ ಮುಗಿಸಿ.

ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಟ್ಟಿರುತ್ತಾರೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟು. ಜಂತೆ ನಡುವಿನಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಕೊಳೆಯುವುದು ಗೋಡೆಯೊಳಗೆ ಹೋಗುವ ತುದಿ. ಅಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅದರ ಕೆಳಗೆ ಯಾರೂ ನಿಲ್ಲಬೇಡಿ, ಆಧಾರದ ಜಾಕ್ ಕೊಡಿಸಿ, ಆಮೇಲೆ ಎಂಜಿನಿಯರನ್ನು ಕರೆಯಿರಿ. ಬಿರುಕಿದ್ದರೆ ಅದರ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದೇ ಲೆಕ್ಕ.

ಸೋರುವುದು ನಿಂತ ಮೇಲೆ ಕಿಟಕಿ ಬಾಗಿಲು ತೆಗೆದು ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ಆಮೇಲೆ ಸುಣ್ಣದ ಗಾರೆ. ಚೆನ್ನಾಗಿ ಅರಳಿಸಿದ ಸುಣ್ಣ, ಮರಳು, ಇಟ್ಟಿಗೆ ಪುಡಿ; ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುವವರೂ ಇದ್ದಾರೆ. ನಿಧಾನವಾಗಿ ಗಟ್ಟಿಯಾಗುತ್ತದೆ. ಬೇಗ ಮಾಡಿ ಎಂದು ಮೇಸ್ತ್ರಿಯ ಹಿಂದೆ ಬಿದ್ದರೆ ಅವನು ಗಾರೆಗೆ ಸಿಮೆಂಟ್ ಬೆರೆಸುತ್ತಾನೆ, ನಿಮಗೆ ತಿಳಿಯುವುದೂ ಇಲ್ಲ.

ಪಾಲಿನ ವಿಷಯ ವಕೀಲರದ್ದು. ನಾನು ಹೇಳುವುದಿಷ್ಟೇ: ಸೋರುವುದನ್ನು ನಿಲ್ಲಿಸಲು ಪಾಲು ಆಗುವವರೆಗೆ ಕಾಯಬೇಡಿ. ಉಳಿದ ನಾಲ್ವರಿಗೂ ಪತ್ರ ಬರೆದು, ಫೋಟೊ ತೆಗೆದು, ಬಿಲ್ಲುಗಳನ್ನು ಜೋಪಾನ ಮಾಡಿ. ಹಾಂ, ಹೆಣ್ಣುಮಕ್ಕಳನ್ನು ಬಿಟ್ಟು ಲೆಕ್ಕ ಹಾಕಬೇಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರವೂ ಅವರ ಸಹಿ ಬೇಡ ಎನ್ನುವ ದಲ್ಲಾಳಿಗಳು ಈ ಊರಿನಲ್ಲಿ ಇನ್ನೂ ಇದ್ದಾರೆ.

ಹೋಮ್‌ಸ್ಟೇ ಕನಸು ಆಮೇಲೆ. ದುರಸ್ತಿ ಎಂಬುದು ಒಂದೇ ಸಲ ಮಾಡಿ ಮರೆಯುವ ಕೆಲಸವಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿಯಾಯಿತು, ಆಮೇಲೆ ಮತ್ತೆ ದುರಸ್ತಿ ಬೇಕಾಯಿತು. ವರ್ಷಕ್ಕೊಮ್ಮೆ ತಾರಸಿ ಗುಡಿಸುವ ಆಳಿನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದ ಹೋಮ್‌ಸ್ಟೇ ಯೋಜನೆಯನ್ನು ನನಗೆ ತೋರಿಸಲೇಬೇಡಿ.

ಪ್ರಶ್ನೆ: ಗೋಡೆಯಲ್ಲಿ ಅರಳಿ ಗಿಡ ಬಂದಿದೆ. ಕೀಳಬಾರದು ಅಂತಾರೆ. (ಶ್ರೀರಂಗಪಟ್ಟಣ)

ಉತ್ತರ: ಬೆರಳು ಗಾತ್ರ ಇರುವಾಗಲೇ ಬೇರುಸಹಿತ ತೆಗೆಸಿ, ಕಟ್ಟಡಗಳಿಂದ ದೂರದ ಬಯಲಿನಲ್ಲಿ ನೆಟ್ಟು ಕೈ ಮುಗಿಯಿರಿ. ಮೇಲೆ ಮಾತ್ರ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ತೊಡೆ ಗಾತ್ರವಾಗಿದ್ದರೆ ಎಳೆಯಲು ಹೋಗಬೇಡಿ, ಗೋಡೆಯೇ ಬರುತ್ತದೆ.

ಪ್ರಶ್ನೆ: ಪಾಳು ಮನೆಯ ನಡುಮನೆಯಲ್ಲಿ ನಿಧಿ ಇದೆ ಎಂದು ಒಬ್ಬರು ಹೇಳಿದ್ದಾರೆ. ಅಗೆಸಬಹುದೇ? (ನಾಗಮಂಗಲ)

ಉತ್ತರ: ಹೇಳಿದವನನ್ನು ಪೊಲೀಸರಿಗೆ ಒಪ್ಪಿಸಿ. ಈಗಾಗಲೇ ಅಗೆದಿದ್ದರೆ ತಳಪಾಯದ ಪಕ್ಕದ ಗುಂಡಿ ಮುಚ್ಚಿಸಿ.

ಪ್ರಶ್ನೆ: ಬಹಳ ವರ್ಷ ಖಾಲಿ ಇದ್ದ ಮನೆಗೆ ವಾಸ್ತು ದೋಷ ತಟ್ಟುತ್ತದೆಯೇ?

ಉತ್ತರ: ಗೆದ್ದಲು ತಟ್ಟುತ್ತದೆ. ಅದಕ್ಕೆ ಔಷಧಿ ಇದೆ.

ಪ್ರಶ್ನೆ: ಪಕ್ಕದ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ, ಹಾವು. ಮಾಲೀಕರು ಪತ್ತೆಯಿಲ್ಲ. (ಕುವೆಂಪುನಗರ)

ಉತ್ತರ: ನನಗಲ್ಲ, ಪಾಲಿಕೆಗೆ ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ. ಬೆಂಕಿ ಮಾತ್ರ ಹಚ್ಚಬೇಡಿ.

ಪ್ರಶ್ನೆ: ನಮ್ಮ ಹಳೇ ಮನೆಯನ್ನು ಪುಕ್ಕಟೆ ಕೆಡವಿಕೊಡುತ್ತೇವೆ, ಮರ ಮಾತ್ರ ನಮಗೆ ಅಂತ ಒಬ್ಬರು ಬಂದಿದ್ದಾರೆ. ಒಪ್ಪಲೇ? (ಮಂಡ್ಯ)

ಉತ್ತರ: ಪುಕ್ಕಟೆ ಅಲ್ಲ ಸ್ವಾಮಿ, ನೀವೇ ಅವರಿಗೆ ದುಡ್ಡು ಕೊಡುತ್ತಿದ್ದೀರಿ. ಕಂಬ, ತೊಲೆ, ಜಂತೆ, ಬಾಗಿಲು ತೇಗದ್ದಾಗಿದ್ದರೆ ಕೆಡವುವ ಕೂಲಿಗಿಂತ ಅದರ ಬೆಲೆಯೇ ಹೆಚ್ಚು. ಕೆಡವಲೇಬೇಕೆಂದಿದ್ದರೆ ಮೊದಲು ಪೌರಾಡಳಿತದ ಅನುಮತಿ, ಆಮೇಲೆ ಬೇರೆ ಬೇರೆ ವ್ಯಾಪಾರಿಗಳಿಂದ ಮರದ ಅಳತೆ, ದರ ಬರೆಸಿಕೊಳ್ಳಿ. ಅಲ್ಲಿಯವರೆಗೆ ಬೀಗದ ಕೈ ಯಾರಿಗೂ ಕೊಡಬೇಡಿ.